ಆಟದ ನ್ಯಾಯ ಮತ್ತು ಇತಿಹಾಸದ ಸತ್ಯ

ನಮ್ಮೂರ ಈಶ್ವರನ ಗುಡಿಯ ಜಗಲಿಗೆ ಹಾಸಿರುವ ಕಲ್ಲಿನ ಮೇಲೆ ಆಡು-ಹುಲಿ ಆಟದ ಮನೆಗಳನ್ನು ಯಾರೋ ಎಂದೋ ಕೊರೆದಿದ್ದಾರೆ. ಮೂರು ಹುಲಿ, ಹದಿನೈದು ಆಡು. ಹುಲಿಗೆ ಆಡನ್ನು ಹಾರಿ ಕೊಲ್ಲುವ ಅಧಿಕಾರವುಂಟು. ಆಡಿಗೆ ಆ ಅಧಿಕಾರವಿಲ್ಲ. ಆದರೂ ಆಡಿನ ಪಕ್ಷ ಹಿಡಿಯಲು ಯಾರೂ ಅಂಜುವುದಿಲ್ಲ. ಏಕೆಂದರೆ ಆಡು ಗೆಲ್ಲಬೇಕಾದರೆ ಹುಲಿಯನ್ನು ಕೊಲ್ಲಬೇಕಾಗಿಲ್ಲ. ಅಲುಗಾಡದಂತೆ ಕಟ್ಟಿಹಾಕಿದರೆ ಸಾಕು. ಅದೇ ಜಗಲಿಯ ಇನ್ನೊಂದು ಮೂಲೆಯಲ್ಲಿ ಹಿರಿಯರು ಚದುರಂಗ ಆಡುತ್ತಿದ್ದರು. ಅಲ್ಲಿ ಎರಡು ಪಕ್ಷಕ್ಕೂ ಆನೆ, ಕುದುರೆ, ಕಾಲಾಳು ಸರಿಸಮ. ಹೀಗೆ ಆಟದಲ್ಲಿ ನ್ಯಾಯವನ್ನು ಎರಡು ಬಗೆಯಲ್ಲಿ ತರಬಹುದು. ಇಬ್ಬರಿಗೂ ಒಂದೇ ಬಲವನ್ನು ಕೊಡುವುದು ಒಂದು; ಬಲವನ್ನು ಬೇರೆ ಬೇರೆಯಾಗಿಯೇ ಬಿಟ್ಟು, ಗೆಲುವಿನ ಅರ್ಥವನ್ನೇ ಬೇರೆ ಮಾಡುವುದು ಇನ್ನೊಂದು.

ಈ ಎರಡು ಆಟಗಳನ್ನು ಮೊದಲಿಗೇ ಸ್ಮರಿಸಲು ಕಾರಣವುಂಟು. ಮಧ್ಯಯುಗದ ಯುದ್ಧಗಳನ್ನು ಆಧರಿಸಿದ ಕಂಪ್ಯೂಟರ್ ಆಟಗಳು ಈಗ ನಮ್ಮ ವಿದ್ಯಾರ್ಥಿನಿಲಯದ ಕೋಣೆಗಳಲ್ಲಿಯೂ ನಡೆಯುತ್ತವೆ. ಅವುಗಳನ್ನು ರಚಿಸುವವರ ಮುಂದೆ ಒಂದು ಧರ್ಮಸಂಕಟವಿರುತ್ತದೆ. ಇತಿಹಾಸದಲ್ಲಿ ಎರಡು ಸೈನ್ಯಗಳು ಸರಿಸಮನಾಗಿ ಎದುರುನಿಂತ ಪ್ರಸಂಗಗಳು ವಿರಳ. ಆದರೆ ಆಟಗಾರರಿಬ್ಬರಿಗೂ ಗೆಲ್ಲುವ ಆಸೆಯಿರಲೇಬೇಕು. ಇಲ್ಲವಾದರೆ ಅದು ಆಟವಲ್ಲ. ಹಾಗಾದರೆ ಇತಿಹಾಸವನ್ನು ಎಲ್ಲಿ ಬಗ್ಗಿಸಬಹುದು, ಎಲ್ಲಿ ಬಗ್ಗಿಸಬಾರದು? ಇತಿಹಾಸವನ್ನು ಐಚ್ಛಿಕ ವಿಷಯವಾಗಿ ಓದುತ್ತಿರುವ ನನಗೆ ಈ ಪ್ರಶ್ನೆ ಬಹಳ ದಿನ ಕಾಡಿತು. ಅದರ ಫಲವೇ ಈ ಲೇಖನ.

ಬಲವೂ ಬೆಲೆಯೂ

ನಾನು ಚೆನ್ನಾಗಿ ಬಲ್ಲ ಆಟವೊಂದನ್ನೇ ಉದಾಹರಣೆಗೆ ಎತ್ತಿಕೊಳ್ಳುತ್ತೇನೆ. 'ಏಜ್ ಆಫ್ ಎಂಪೈರ್ಸ್' ಎಂಬ ಮಾಲೆಯ ಎರಡನೆಯ ಆಟವು 1999ರಲ್ಲಿ ಹೊರಬಂದಿತು. ಅಮೆರಿಕದ ಎನ್ಸೆಂಬಲ್ ಸ್ಟುಡಿಯೋಸ್ ಇದನ್ನು ರಚಿಸಿತು, ಮೈಕ್ರೋಸಾಫ್ಟ್ ಪ್ರಕಟಿಸಿತು. 2019ರಲ್ಲಿ ಹೊಸ ರೂಪ ತಳೆದು ಇಂದಿಗೂ ಆಡಲ್ಪಡುತ್ತಿದೆ. ಆರಂಭದಲ್ಲಿ ಬ್ರಿಟನ್ನರು, ಫ್ರಾಂಕರು, ಮಂಗೋಲರು, ಪರ್ಷಿಯನ್ನರು ಮೊದಲಾಗಿ 13 ಜನಾಂಗಗಳು ಇದರಲ್ಲಿದ್ದವು.

ಆಟದ ಕ್ರಮ ಸ್ಥೂಲವಾಗಿ ಹೀಗಿದೆ. ಮೊದಲಿಗೆ ಆಟಗಾರನ ಕೈಯಲ್ಲಿ ಸಾಮಾನ್ಯವಾಗಿ ಇರುವುದು ಊರ ನಡುವಿನ ಒಂದು ಕಟ್ಟಡ, ಮೂವರು ಹಳ್ಳಿಗರು, ಒಬ್ಬ ಬೇಹಿನ ಸವಾರ ಮಾತ್ರ. ಹಳ್ಳಿಗರು ಆಹಾರ, ಮರ, ಚಿನ್ನ, ಕಲ್ಲು ಎಂಬ ನಾಲ್ಕನ್ನು ಕೂಡಿಸಬೇಕು. ಅದರಿಂದಲೇ ಸೈನ್ಯ ಹುಟ್ಟಬೇಕು. ನೈಟ್ ಎಂಬ ಕವಚಧಾರಿ ಸವಾರನೊಬ್ಬನಿಗೆ 60 ಆಹಾರ, 75 ಚಿನ್ನ ತಗಲುತ್ತದೆ. ಈಟಿ ಹಿಡಿದ ಕಾಲಾಳಿಗೆ 35 ಆಹಾರ, 25 ಮರ ಸಾಕು. ಚಿನ್ನ ಬೇಡವೇ ಬೇಡ. ಈಟಿಯವನಿಗೆ ಕುದುರೆಯ ಮೇಲೆ ವಿಶೇಷವಾದ ಹೊಡೆತವನ್ನು ಕೊಟ್ಟಿದ್ದಾರೆ. ಒಬ್ಬನಿಗೆ ಒಬ್ಬ ನಿಂತರೆ ಸವಾರನೇ ಮೇಲು. ಆದರೆ ಒಬ್ಬ ಸವಾರನ ಖರ್ಚಿನಲ್ಲಿ ಇಬ್ಬರು ಈಟಿಗಾರರು ನಿಲ್ಲುತ್ತಾರೆ. ಆ ಇಬ್ಬರ ಮುಂದೆ ಸವಾರ ಉಳಿಯುವುದು ಕಷ್ಟ.

ಇಲ್ಲಿ ಸಮತೋಲವು ಬಲದಿಂದಲ್ಲ, ಬೆಲೆಯಿಂದ ಬಂದಿದೆ. ಇದು ಇತಿಹಾಸಕ್ಕೆ ದೂರವಾದುದೂ ಅಲ್ಲ. ಯೂರೋಪಿನಲ್ಲಿ ಒಬ್ಬ ನೈಟನನ್ನು ಕುದುರೆ, ಕವಚ, ಪರಿಚಾರಕರೊಡನೆ ನಿಲ್ಲಿಸಬೇಕಾದರೆ ಅವನ ಬೆನ್ನಿಗೆ ಜಮೀನಿನ ಹುಟ್ಟುವಳಿ ಇರಬೇಕಾಗಿತ್ತು. 1302ರ ಜುಲೈ 11ರಂದು ಫ್ಲಾಂಡರ್ಸಿನ ಕೋರ್ಟ್ರೈ ಎಂಬಲ್ಲಿ ನೇಕಾರರೇ ಮೊದಲಾದ ಪಟ್ಟಣದ ಕಸುಬುದಾರರು ಕಾಲಾಳುಗಳಾಗಿ ಒತ್ತಾಗಿ ನಿಂತು ಫ್ರಾನ್ಸಿನ ಸವಾರರನ್ನು ಸೋಲಿಸಿದರು. ಸತ್ತ ಸವಾರರಿಂದ ತೆಗೆದ ಚಿನ್ನದ ಬಣ್ಣದ ಹಿಮ್ಮಡಿಮುಳ್ಳುಗಳಿಂದಲೇ ಆ ಕಾಳಗಕ್ಕೆ ಹೆಸರು ಬಂದಿತು. ಬೆಲೆಬಾಳುವ ಸೈನಿಕನನ್ನು ಅಗ್ಗದ ಸೈನಿಕರು ಕೂಡಿ ಸೋಲಿಸಬಲ್ಲರೆಂಬ ಆಟದ ನಿಯಮಕ್ಕೆ ಇತಿಹಾಸದಲ್ಲಿ ಆಧಾರವುಂಟು.

ಬಿಲ್ಲಿನ ಬಲವೋ, ಕೆಸರಿನ ಬಲವೋ

ಆಟ ಎಡವುವುದು ಇನ್ನೊಂದು ಕಡೆ. ಬ್ರಿಟನ್ನರಿಗೆ ಮೀಸಲಾದ ಸೈನಿಕನೆಂದರೆ ನೀಳಬಿಲ್ಲಿನ ಬಿಲ್ಲುಗಾರ. ಅವನ ಬಾಣ ಉಳಿದವರ ಬಾಣಕ್ಕಿಂತ ದೂರ ಹೋಗುತ್ತದೆ. ಇದಕ್ಕೆ ಎದುರಾಗಿ ಫ್ರಾಂಕರ ಸವಾರರಿಗೆ ಪ್ರಾಣಬಲವನ್ನು ಶೇಕಡಾ 20ರಷ್ಟು ಹೆಚ್ಚಿಸಿದ್ದಾರೆ. ತಕ್ಕಡಿ ಸರಿಹೋಯಿತು. ಆದರೆ ಸತ್ಯ?

1415ರ ಅಕ್ಟೋಬರ್ 25ರಂದು ಅಜಿನ್‌ಕೋರ್ಟಿನಲ್ಲಿ ಇಂಗ್ಲೆಂಡಿನ ಐದನೆಯ ಹೆನ್ರಿಯು ಫ್ರೆಂಚರನ್ನು ಸೋಲಿಸಿದನು. ಬಿಲ್ಲುಗಾರರ ಪಾತ್ರ ಅಲ್ಲಿ ದೊಡ್ಡದೆಂಬುದು ನಿರ್ವಿವಾದ. ಆದರೆ ಹಿಂದಿನ ರಾತ್ರಿ ಮಳೆ ಸುರಿದಿತ್ತು. ಕಾಳಗದ ಬಯಲು ಹೊಸದಾಗಿ ಉತ್ತ ಹೊಲ. ಎರಡು ಕಡೆಗೂ ಕಾಡು ಒತ್ತಿಕೊಂಡು ಬಯಲು ಇಕ್ಕಟ್ಟಾಗಿತ್ತು. ಬಿಲ್ಲುಗಾರರು ತಮ್ಮ ಮುಂದೆ ಚೂಪಾದ ಗೂಟಗಳನ್ನು ನೆಟ್ಟಿದ್ದರು. ಫ್ರಾನ್ಸಿನ ಕವಚಧಾರಿಗಳಲ್ಲಿ ಹೆಚ್ಚಿನವರು ಕುದುರೆಯಿಳಿದು, ಕೆಸರಿನಲ್ಲಿ ಹೂತು ನಡೆದು, ಶತ್ರುವಿನ ಬಳಿ ತಲಪುವ ಹೊತ್ತಿಗೆ ಬಳಲಿದ್ದರು. ಹೊಲ, ಮಳೆ, ಕಾಡುಗಳ ಬಲವನ್ನೆಲ್ಲ ಆಟವು ಬಿಲ್ಲುಗಾರನ ಒಂದು ಬಾಣಕ್ಕೆ ಕಟ್ಟಿಬಿಟ್ಟಿದೆ. ನೆಲಕ್ಕೂ ಋತುವಿಗೂ ಸಲ್ಲಬೇಕಾದ ಕೀರ್ತಿ ಸೈನಿಕನಿಗೆ ಸಂದಿದೆ.

ಇನ್ನು ಬಿಲ್ಲುಗಾರನ ನಿಜವಾದ ಬೆಲೆಯೂ ಆಟದಲ್ಲಿ ಕಾಣುವುದಿಲ್ಲ. ಆಟದಲ್ಲಿ ಅವನು 35 ಮರ, 40 ಚಿನ್ನ ಕೊಟ್ಟೊಡನೆ ಕೋಟೆಯಿಂದ ಹೊರಬರುತ್ತಾನೆ. ಚರಿತ್ರೆಯಲ್ಲಿ ಅವನು ಚಿಕ್ಕಂದಿನಿಂದ ಬಿಲ್ಲೆಳೆದು ಬೆಳೆದವನು. 1363ರಲ್ಲಿ ಮೂರನೆಯ ಎಡ್ವರ್ಡನು ರಜಾದಿನಗಳಲ್ಲಿ ಬೇರೆ ಆಟಗಳನ್ನು ಬಿಟ್ಟು ಬಿಲ್ಲುವಿದ್ಯೆಯನ್ನೇ ಅಭ್ಯಾಸ ಮಾಡಬೇಕೆಂದು ಆಜ್ಞೆ ಹೊರಡಿಸಿದನು. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಲ್ಪಟ್ಟ 'ಮೇರಿ ರೋಸ್' ಹಡಗಿನಲ್ಲಿ ದೊರೆತ ಬಿಲ್ಲುಗಳನ್ನು ಪರೀಕ್ಷಿಸಿದವರು ಅವನ್ನು ಎಳೆಯಲು 100 ಪೌಂಡಿಗೂ ಮೀರಿದ ಬಲ ಬೇಕಾಗಿತ್ತೆಂದು ಲೆಕ್ಕಹಾಕಿದ್ದಾರೆ. ಅಂತಹ ತೋಳು ಒಂದು ದಿನದಲ್ಲಿ ಹುಟ್ಟುವುದಿಲ್ಲ. ಸತ್ತರೆ ಒಂದು ದಿನದಲ್ಲಿ ತುಂಬಿಕೊಳ್ಳುವುದೂ ಇಲ್ಲ.

ಸಂಖ್ಯೆಗಳಾದರೂ ಖಚಿತವೇ ಎಂದರೆ ಅದೂ ಇಲ್ಲ. ಅಜಿನ್‌ಕೋರ್ಟಿನಲ್ಲಿ ಫ್ರೆಂಚರು ಇಂಗ್ಲಿಷರ ಹಲವು ಪಟ್ಟು ಇದ್ದರೆಂದು ಬಹುಕಾಲ ನಂಬಲಾಗಿತ್ತು. 2005ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಇತಿಹಾಸಕಾರ್ತಿ ಆನ್ ಕರಿಯವರು ಸಂಬಳದ ದಾಖಲೆಗಳನ್ನು ಹುಡುಕಿ, ಫ್ರೆಂಚರು ಸುಮಾರು 12,000, ಇಂಗ್ಲಿಷರು ಸುಮಾರು 9,000 ಇದ್ದಿರಬೇಕೆಂದು ವಾದಿಸಿದರು. ಇದನ್ನು ಒಪ್ಪದ ವಿದ್ವಾಂಸರೂ ಉಂಟು. ಆದುದರಿಂದ 'ಇತಿಹಾಸಕ್ಕೆ ನಿಷ್ಠೆ' ಎಂದರೆ ಪುಸ್ತಕದ ಸಂಖ್ಯೆಯನ್ನು ಹಾಗೆಯೇ ಆಟಕ್ಕೆ ಇಳಿಸುವುದು ಎಂದರ್ಥವಲ್ಲ.

ಕುದುರೆ ಇಲ್ಲದವರು, ಕುದುರೆ ಕೊಂಡವರು

2000ದಲ್ಲಿ ಬಂದ ವಿಸ್ತರಣೆಯಲ್ಲಿ ಮೆಕ್ಸಿಕೋದ ಅಜ್ಟೆಕರು ಸೇರಿದರು. ಅವರ ನಾಡಿನಲ್ಲಿ ಕುದುರೆಯೇ ಇರಲಿಲ್ಲ. 1519ರಲ್ಲಿ ಕೋರ್ಟೆಸ್ ಬಂದಿಳಿದಾಗ ಅವನ ಬಳಿ ಇದ್ದುದು 16 ಕುದುರೆ. ಆಟದ ರಚನಕಾರರು ಈ ಸತ್ಯವನ್ನು ಗೌರವಿಸಿ ಅಜ್ಟೆಕರಿಗೆ ಕುದುರೆಲಾಯವನ್ನೇ ಕೊಡಲಿಲ್ಲ. ಬದಲಿಗೆ ಬೇಗ ಓಡಬಲ್ಲ 'ಹದ್ದಿನ ಯೋಧ'ನನ್ನು ಕೊಟ್ಟರು. ಕುದುರೆಯ ಕೆಲಸವನ್ನು ಅವನು ಮಾಡುತ್ತಾನೆ. ಇದು ಜಾಣತನದ ಪರಿಹಾರವೇ ಸರಿ. ಆದರೆ ಅದೇ ಅಜ್ಟೆಕರ ಕೈಗೆ ಉಕ್ಕಿನ ಕತ್ತಿಯನ್ನೂ ಕಲ್ಲೆಸೆಯುವ ಯಂತ್ರವನ್ನೂ ಕೊಟ್ಟುಬಿಟ್ಟಿದ್ದಾರೆ. ಅವರ ನಿಜವಾದ ಆಯುಧ ಗಾಜುಗಲ್ಲಿನ ಅಲಗುಗಳನ್ನು ಕೂರಿಸಿದ ಮರದ ದೊಣ್ಣೆಯಾಗಿತ್ತು. ಒಂದು ಸತ್ಯವನ್ನು ಉಳಿಸಲು ಹೋಗಿ ಇನ್ನೊಂದನ್ನು ತೆತ್ತಂತಾಯಿತು.

ನಮ್ಮ ದೇಶದ ವಿಷಯಕ್ಕೆ ಬರೋಣ. 2022ರ ವಿಸ್ತರಣೆಯಲ್ಲಿ ಭಾರತದ ಹೆಸರಿನಲ್ಲಿದ್ದ ಒಂದೇ ಜನಾಂಗವನ್ನು ಒಡೆದು ಹಿಂದೂಸ್ತಾನಿಗಳು, ಬಂಗಾಳಿಗಳು, ಗುರ್ಜರರು, ದ್ರಾವಿಡರು ಎಂದು ನಾಲ್ಕು ಮಾಡಿದರು. ದಕ್ಷಿಣದವರಿಗೆಲ್ಲ ಸೇರಿ ದ್ರಾವಿಡರೆಂಬ ಒಂದೇ ಹೆಸರು. ದ್ರಾವಿಡರ ವಿಶೇಷ ವಿದ್ಯೆಗಳಲ್ಲಿ ಒಂದು 'ವೂಟ್ಜ್' ಉಕ್ಕು. ಈ ಪದವೇ ನಮ್ಮ 'ಉಕ್ಕು' ಎಂಬ ಮಾತಿನಿಂದ ಹೊರಟದ್ದೆಂದು ವಿದ್ವಾಂಸರು ಹೇಳುತ್ತಾರೆ. ಅದನ್ನು ಪರದೆಯ ಮೇಲೆ ಕಂಡಾಗ ನನಗೆ ಹೆಮ್ಮೆಯಾಯಿತೆಂದು ಒಪ್ಪಿಕೊಳ್ಳುತ್ತೇನೆ. ಆದರೆ ದ್ರಾವಿಡರಿಗೆ ಭಾರಿ ಕವಚದ ಸವಾರರಿಲ್ಲ. ಕಾಲಾಳು, ಆನೆ, ಹಡಗುಗಳೇ ಅವರ ಬಲ.

ಇದು ಅನ್ಯಾಯವೇ? ಪೂರ್ತಿಯಾಗಿ ಅಲ್ಲ. ದಕ್ಷಿಣದಲ್ಲಿ ಒಳ್ಳೆಯ ಯುದ್ಧಾಶ್ವಗಳು ಹುಟ್ಟುತ್ತಿರಲಿಲ್ಲ. ಅರಸರು ಪ್ರತಿವರ್ಷ ಹಡಗುಗಳಲ್ಲಿ ಬಂದ ಕುದುರೆಗಳನ್ನು ಸಾವಿರಗಟ್ಟಲೆ ಕೊಳ್ಳುತ್ತಿದ್ದರೆಂದೂ, ಸರಿಯಾದ ಆರೈಕೆಯಿಲ್ಲದೆ ಅವು ಸಾಯುತ್ತಿದ್ದುವೆಂದೂ 13ನೆಯ ಶತಮಾನದ ಕೊನೆಯಲ್ಲಿ ಮಾರ್ಕೋಪೋಲೋ ಬರೆದಿದ್ದಾನೆ. ವಿಜಯನಗರದ ಅರಸರಿಗೆ ನರಪತಿ, ಒಡಿಶಾದವರಿಗೆ ಗಜಪತಿ, ಉತ್ತರದ ಸುಲ್ತಾನರಿಗೆ ಅಶ್ವಪತಿ ಎಂಬ ಹೆಸರುಗಳಿದ್ದುವು. ಯಾರ ಬಲ ಯಾವುದರಲ್ಲಿ ಎಂಬ ವಿಂಗಡಣೆಯನ್ನು ನಮ್ಮ ಹಿಂದಿನವರೇ ಮಾಡಿದ್ದರು.

ಆದರೆ ಅರ್ಧಸತ್ಯ ಇಲ್ಲಿಯೇ ಇದೆ. ಕುದುರೆ ಹುಟ್ಟದ ನಾಡು ಕುದುರೆಯಿಲ್ಲದ ನಾಡಾಗಿರಲಿಲ್ಲ. ಎರಡನೆಯ ದೇವರಾಯನು ಮುಸಲ್ಮಾನ ಬಿಲ್ಲುಗಾರರನ್ನೂ ಸವಾರರನ್ನೂ ತನ್ನ ಸೇನೆಗೆ ಸೇರಿಸಿಕೊಂಡನೆಂದು ಫೆರಿಸ್ತಾ ಹೇಳುತ್ತಾನೆ. ಭಟ್ಕಳ, ಗೋವೆಗಳ ಮೂಲಕ ಬರುತ್ತಿದ್ದ ಅರಬ್ಬಿ, ಪಾರಸಿ ಕುದುರೆಗಳಿಗಾಗಿ ವಿಜಯನಗರ ಅಪಾರ ಹಣ ಸುರಿಯಿತು. ತಾನೇ ಕುದುರೆ ವ್ಯಾಪಾರಿಯಾಗಿದ್ದ ಪೋರ್ಚುಗೀಸ್ ನೂನಿಜ್, ವಿಜಯನಗರದ ಅರಸನು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ಬರೆದಿದ್ದಾನೆ. ಆದುದರಿಂದ ಸರಿಯಾದ ನಿಯಮ 'ದಕ್ಷಿಣದವರಿಗೆ ಸವಾರರಿಲ್ಲ' ಎಂಬುದಲ್ಲ. 'ಸವಾರರುಂಟು, ಆದರೆ ಅವರ ಬೆಲೆ ಹೆಚ್ಚು, ಬಂದರು ಕೈತಪ್ಪಿದರೆ ಅವರೂ ಇಲ್ಲ' ಎಂಬುದು. ಹೀಗೆ ಮಾಡಿದ್ದರೆ ಆಟದ ತಕ್ಕಡಿಯೂ ನಿಲ್ಲುತ್ತಿತ್ತು, ಚರಿತ್ರೆಯೂ ಉಳಿಯುತ್ತಿತ್ತು.

ನಾವು ಕಟ್ಟಿದ ಆಟ

ಬೇರೆಯವರ ಆಟದ ತಪ್ಪು ಹೇಳುವುದು ಸುಲಭ. ನಮ್ಮ ಇತಿಹಾಸ ಸಂಘದ ವಸ್ತುಪ್ರದರ್ಶನಕ್ಕಾಗಿ ನಾವು ನಾಲ್ವರು ಗೆಳೆಯರು ಸೇರಿ 1520ರ ರಾಯಚೂರು ಕಾಳಗವನ್ನು ಆಟವಾಗಿ ಮಾಡಲು ಹೊರಟಾಗ ಅದರ ಕಷ್ಟ ತಿಳಿಯಿತು. ದೊಡ್ಡ ರಟ್ಟಿನ ಮೇಲೆ ಕೃಷ್ಣಾ ತುಂಗಭದ್ರಾ ನದಿಗಳ ನಡುವಣ ದೋಆಬನ್ನು ಬರೆದೆವು. ಕಾಲಾಳಿಗೆ ಅವರೆಕಾಳು, ಕುದುರೆಗೆ ಹುಣಸೆಬೀಜ, ಆನೆಗೆ ಹೊಂಗೆಕಾಯಿ, ಫಿರಂಗಿಗೆ ಸೀಮೆಸುಣ್ಣದ ತುಂಡು.

ನೂನಿಜ್ ಕೊಟ್ಟಿರುವ ಲೆಕ್ಕದಂತೆ ಕೃಷ್ಣದೇವರಾಯನ ಸೈನ್ಯ 7,03,000 ಕಾಲಾಳು, 32,600 ಕುದುರೆ, 551 ಆನೆ. ಹತ್ತು ಸಾವಿರ ಕಾಲಾಳಿಗೆ ಒಂದು ಕಾಳಿನಂತೆ ಎಪ್ಪತ್ತು ಅವರೆಕಾಳನ್ನು ಒಂದು ಕಡೆ ಗುಡ್ಡೆ ಹಾಕಿದೆವು. ನಾಲ್ಕು ಸಲ ಆಡಿದೆವು. ನಾಲ್ಕು ಸಲವೂ ಬಿಜಾಪುರದ ಪಕ್ಷ ಸೋತಿತು. ಆ ಪಕ್ಷದಲ್ಲಿ ಕೂತಿದ್ದ ಗೆಳೆಯ, "ಇದು ಆಟವಲ್ಲ, ಶಿಕ್ಷೆ" ಎಂದು ಎದ್ದುಹೋದ. ಇಸ್ಮಾಯಿಲ್ ಆದಿಲ್ ಶಾಹನ ಬಳಿ ಫಿರಂಗಿಗಳು ಹೆಚ್ಚಾಗಿದ್ದುವು. ಅವುಗಳ ಹೊಡೆತಕ್ಕೆ ವಿಜಯನಗರದ ಮುಂಪಡೆ ಮೊದಲು ಒಡೆದು ಹಿಂದೆ ಸರಿಯಿತೆಂಬುದೂ ನೂನಿಜನ ಬರಹದಲ್ಲಿಯೇ ಇದೆ. ಇದನ್ನೇ ನೆಪ ಮಾಡಿಕೊಂಡು ಕಾಳುಗಳನ್ನು ಅರ್ಧಕ್ಕಿಳಿಸಿ ಸೀಮೆಸುಣ್ಣಕ್ಕೆ ಬಲ ಹೆಚ್ಚಿಸಿದೆವು. ಈಗ ಪ್ರತಿಸಲವೂ ಬಿಜಾಪುರವೇ ಗೆದ್ದಿತು. ನೋಡುತ್ತ ನಿಂತಿದ್ದ ನಮ್ಮ ಅಧ್ಯಾಪಕರು ಕೇಳಿದ್ದು ಒಂದೇ ಮಾತು: "ಆ ಮೇ 19ರಂದು ಗೆದ್ದವರು ಯಾರಪ್ಪ?" ನಾವು ತಲೆತಗ್ಗಿಸಿದೆವು.

ಅಷ್ಟರಲ್ಲಿ ಯುಗಾದಿಗೆಂದು ಊರಿಗೆ ಹೋದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಓದಲು ಹೋದ ಮಗ ಅವರೆಕಾಳಿನ ಆಟ ಆಡುತ್ತಿದ್ದಾನೆಂದು ಅಪ್ಪನಿಗೆ ಅನಿಸಬಾರದೆಂದು ರಾಯಚೂರಿನ ಕಥೆಯನ್ನೆಲ್ಲ ವಿವರಿಸಿದೆ. ಸೈನ್ಯದ ಲೆಕ್ಕವನ್ನು ಬಾಯಿಪಾಠವಾಗಿ ಒಪ್ಪಿಸಿದೆ. ಅಪ್ಪ ಬೀಡಿ ಹಚ್ಚಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಅನಂತರ, "ಅಲ್ಲ ಕಣ್ಲಾ, ಬ್ಯಾಸ್ಗೇಲಿ ಅಷ್ಟು ಕುದ್ರೆಗೆ ಮೇವು ತಂದು ಹಾಕ್ದೋರು ಯಾರು? ನಮ್ಮ ಒಂದು ಜೊತೆ ಎತ್ತಿಗೇ ಹುಲ್ಲು ಸಾಲಾಕಿಲ್ಲ" ಎಂದರು.

ನನ್ನಲ್ಲಿ ಉತ್ತರವಿರಲಿಲ್ಲ. ಆ ಸಂಖ್ಯೆಯನ್ನು ಪರೀಕ್ಷೆಯಲ್ಲಿ ಬರೆದಿದ್ದೆ, ಅಂಕವನ್ನೂ ಪಡೆದಿದ್ದೆ. ಆದರೆ ಅವು ಹೊಟ್ಟೆಯಿರುವ ಪ್ರಾಣಿಗಳೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಆ ರಾತ್ರಿ ಲೆಕ್ಕ ಹಾಕಿದೆ. ಒಂದು ಕುದುರೆಗೆ ದಿನಕ್ಕೆ 8 ಕಿಲೋ ಒಣಮೇವೆಂದು ಹಿಡಿದರೂ 32,600 ಕುದುರೆಗೆ 2,60,800 ಕಿಲೋ. ಒಂದು ಎತ್ತಿನ ಗಾಡಿಗೆ ಐದು ಕ್ವಿಂಟಾಲಿನಂತೆ ದಿನವೊಂದಕ್ಕೆ ಐದುನೂರಕ್ಕೂ ಹೆಚ್ಚು ಗಾಡಿ. ಆ ಗಾಡಿಯ ಎತ್ತುಗಳಿಗೂ ಮೇವು ಬೇಕು. ಆನೆಗಳ ಮಾತು ಬೇರೆ. ಏಳು ಲಕ್ಷ ಜನಕ್ಕೆ ತಲೆಗೆ ಅರ್ಧ ಕಿಲೋ ಧಾನ್ಯವೆಂದರೂ ದಿನಕ್ಕೆ ಮೂರೂವರೆ ಸಾವಿರ ಕ್ವಿಂಟಾಲು. ಇದೆಲ್ಲ ಮಳೆ ಬರುವ ಮುಂಚೆ, ಉರಿಬಿಸಿಲಿನ ರಾಯಚೂರಿನಲ್ಲಿ. ಮುತ್ತಿಗೆ ನಡೆದದ್ದೋ ಮೂರು ತಿಂಗಳು. ನೂನಿಜನ ಅಂಕಿಗಳನ್ನು ಹಾಗೆಯೇ ನಂಬುವುದು ಎಷ್ಟು ಕಷ್ಟವೆಂಬುದು ನನಗೆ ಅರಿವಾದದ್ದು ಯಾವ ಟಿಪ್ಪಣಿಯಿಂದಲೂ ಅಲ್ಲ, ನಮ್ಮ ಹಟ್ಟಿಯಿಂದ. ಆ ಬೇಸಿಗೆಯಲ್ಲಿ ಹುಲ್ಲಿನ ಬೆಲೆ ತಾಳಲಾರದೆ ಆ ಜೊತೆ ಎತ್ತನ್ನು ಮಾರಿದೆವು.

ಕಾಲೇಜಿಗೆ ಮರಳಿ ಆಟವನ್ನು ತಿದ್ದಿದೆವು. ಕಾಳುಗಳ ಸಂಖ್ಯೆಯನ್ನು ಕಡಿಮೆ ಮಾಡಿದೆವಾದರೂ ವಿಜಯನಗರದ ಸೈನ್ಯ ದೊಡ್ಡದಾಗಿಯೇ ಉಳಿಯಿತು. ಸೀಮೆಸುಣ್ಣದ ಬಲವನ್ನು ಮೊದಲಿನಷ್ಟಕ್ಕೇ ಇಳಿಸಿದೆವು. ಹೊಸದಾಗಿ ಬಂದದ್ದು ಮೇವಿನ ಚೀಟಿ. ಪ್ರತಿ ಸುತ್ತಿನಲ್ಲಿ ಪ್ರತಿ ಹುಣಸೆಬೀಜಕ್ಕೂ ಹೊಂಗೆಕಾಯಿಗೂ ಚೀಟಿ ತೆರಬೇಕು. ಸುತ್ತಣ ಊರುಗಳ ಚೀಟಿ ಮುಗಿದರೆ ಸೈನ್ಯವನ್ನು ಹಂಚಿ ದೂರ ಕಳುಹಿಸಬೇಕು. ದೊಡ್ಡ ಸೈನ್ಯ ಬೇಗ ಹಸಿಯುತ್ತದೆ. ಎರಡನೆಯದಾಗಿ, ಗುಡಿಯ ಜಗಲಿಯ ಆಡು-ಹುಲಿಯಿಂದ ಒಂದು ಪಾಠ ಕಲಿತು ಗೆಲುವನ್ನೇ ಬೇರೆ ಬೇರೆ ಮಾಡಿದೆವು. ಮಳೆಗಾಲಕ್ಕೆ ಮುಂಚೆ ಕೋಟೆ ಹಿಡಿದರೆ ವಿಜಯನಗರ ಗೆದ್ದಂತೆ. ಅಲ್ಲಿಯವರೆಗೆ ಕೋಟೆ ನಿಂತಿದ್ದರೆ ಬಿಜಾಪುರ ಗೆದ್ದಂತೆ. ಹತ್ತು ಸಲ ಆಡಿದೆವು. ವಿಜಯನಗರ ಆರು, ಬಿಜಾಪುರ ನಾಲ್ಕು. ಎದ್ದುಹೋಗಿದ್ದ ಗೆಳೆಯ ತಾನಾಗಿಯೇ ಬಂದು ಬಿಜಾಪುರದ ಕಡೆ ಕೂತ.

ಉಪಸಂಹಾರ

ಇದರಿಂದ ನಾನು ಕಂಡುಕೊಂಡದ್ದನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಆಟದಲ್ಲಿ ಸಂಖ್ಯೆಗಳನ್ನು ಬದಲಿಸಬಹುದು. ಅವು ಇತಿಹಾಸದಲ್ಲಿಯೂ ಸಂದೇಹಾಸ್ಪದವೇ. ಫಲಿತಾಂಶವೂ ಬದಲಾಗಬಹುದು, ಅದಿಲ್ಲದೆ ಆಟವೇ ಇಲ್ಲ. ಆದರೆ ಕಾರಣಗಳನ್ನು ಕೆಡಿಸಕೂಡದು. ಒಂದು ಸೈನ್ಯ ಏಕೆ ಬಲವಾಗಿತ್ತು, ಆ ಬಲಕ್ಕೆ ಏನು ತೆರಬೇಕಾಯಿತು, ತೆತ್ತವರು ಯಾರು ಎಂಬುದನ್ನು ಆಟ ಉಳಿಸಿಕೊಂಡರೆ ಸಾಕು. ಹಾಗೆ ಉಳಿಸಿಕೊಂಡಲ್ಲಿ ಸಮತೋಲವೂ ಬಹುಮಟ್ಟಿಗೆ ತಾನಾಗಿಯೇ ಒದಗುತ್ತದೆ. ಏಕೆಂದರೆ ಎಲ್ಲ ಬಲಕ್ಕೂ ಅದರದೇ ಆದ ಹಸಿವುಂಟು.

ಈ ದೃಷ್ಟಿಯಿಂದ ನೋಡಿದರೆ ನಾನು ಟೀಕಿಸಿದ ಆ ಕಂಪ್ಯೂಟರ್ ಆಟಕ್ಕೂ ಒಂದು ಮೆಚ್ಚುಗೆಯ ಮಾತು ಸಲ್ಲಬೇಕು. ಅದರಲ್ಲಿ ಸಾಮಾನ್ಯವಾಗಿ 200 ಜನರ ಮಿತಿಯುಂಟು. ಆ 200ರಲ್ಲಿ ಹಳ್ಳಿಗರೂ ಸೇರಿದ್ದಾರೆ. ಚೆನ್ನಾಗಿ ಆಡಬಲ್ಲವರು ನೂರಕ್ಕೂ ಹೆಚ್ಚು ಮಂದಿಯನ್ನು ಹೊಲ, ಕಾಡು, ಗಣಿಗಳಲ್ಲಿಯೇ ಇಟ್ಟಿರುತ್ತಾರೆ. ರಾಜರ ವಿಷಯದಲ್ಲಿ ಎಷ್ಟೋ ತಪ್ಪುವ ಆಟ ಹಳ್ಳಿಗನ ವಿಷಯದಲ್ಲಿ ನಮ್ಮ ಅನೇಕ ಪಠ್ಯಪುಸ್ತಕಗಳಿಗಿಂತ ಪ್ರಾಮಾಣಿಕವಾಗಿದೆ.

ಅಪ್ಪನ ಪ್ರಶ್ನೆಗೆ ಅರ್ಧ ಉತ್ತರ ಆಮೇಲೆ ಸಿಕ್ಕಿತು. ನೂನಿಜನ ಬರಹವನ್ನು ರಾಬರ್ಟ್ ಸಿವೆಲ್ 1900ರಲ್ಲಿ ತನ್ನ ಗ್ರಂಥದಲ್ಲಿ ಇಂಗ್ಲಿಷಿಗೆ ತಂದಿದ್ದಾನೆ. ನಮ್ಮ ಗ್ರಂಥಾಲಯದಲ್ಲಿ ಅದನ್ನು ಮತ್ತೆ ತೆರೆದು ನೋಡಿದರೆ, ಸೈನ್ಯದೊಡನೆ ಚರ್ಮದ ಚೀಲಗಳಲ್ಲಿ ನೀರು ಹೊತ್ತು ನಡೆದವರೂ ಅಗಸರೂ ಅಲ್ಲಿ ಇದ್ದಾರೆ. ನಾನು ಉರುಹಚ್ಚಿದ್ದ ಟಿಪ್ಪಣಿಯಲ್ಲಿ ಅವರಿರಲಿಲ್ಲ. ಮುಂದಿನ ವಾರ ಊರಿಗೆ ಹೋದಾಗ ಇದನ್ನು ಅಪ್ಪನಿಗೆ ಓದಿ ಹೇಳಬೇಕೆಂದಿದ್ದೇನೆ.

ಆಟದ ರಟ್ಟನ್ನೂ ಕಾಳಿನ ಡಬ್ಬವನ್ನೂ ಇತಿಹಾಸ ವಿಭಾಗದ ಕೋಣೆಯಲ್ಲಿ ಇಟ್ಟಿದ್ದೇವೆ. ನಾವು ಕಾಲೇಜು ಬಿಟ್ಟಮೇಲೆ ಕಿರಿಯರು ಅದನ್ನು ಆಡಲಿ. ತಪ್ಪು ಕಂಡಲ್ಲಿ ತಿದ್ದಲಿ. ನೀರು ಹೊತ್ತವರಿಗೆ ನಮ್ಮ ಆಟದಲ್ಲಿ ಇನ್ನೂ ಒಂದು ಕಾಳನ್ನೂ ಇಟ್ಟಿಲ್ಲವೆಂಬ ಕೊರತೆಯನ್ನು ಅವರೇ ತುಂಬಬೇಕೆಂದು ಕೇಳಿಕೊಂಡು ವಿರಮಿಸುತ್ತೇನೆ.